ಬಿಟ್ಟ ಮೇಲೆ ಬೇಕಾದ ಗೆಳೆಯ

ಕುಡಿತ ಬಿಟ್ಟವನಿಗೆ ಊರವರು ಹಾರ ಹಾಕುತ್ತಾರೆ. ಗಾಂಜಾ ಬಿಟ್ಟ ಹುಡುಗನ ತಾಯಿ ಹರಕೆ ತೀರಿಸುತ್ತಾಳೆ. ಅದೆಲ್ಲ ಸರಿಯೇ. ಆದರೆ ಹತ್ತನೇ ದಿನವೋ ಇಪ್ಪತ್ತನೇ ದಿನವೋ ಅವನು ನಿದ್ದೆ ಬಾರದೆ ಜಗಲಿ ಮೇಲೆ ಕೂತಿರುವಾಗ ಪಕ್ಕದಲ್ಲಿ ಯಾರಿರುತ್ತಾರೆ? ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿವರೆಗೆ, ಕುಟ್ಟದಿಂದ ಮಾನಂದವಾಡಿವರೆಗೆ, ಗಡಿಯ ಎರಡೂ ಕಡೆಯ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಅಂಗಡಿ ಮುಚ್ಚಿಸುವ ಕೆಲಸವನ್ನು ಸರ್ಕಾರಗಳು ಮಾಡಿದ್ದುಂಟು. ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು 1992ರಲ್ಲಿ ಎದ್ದು ನಿಂತರು. ಮರುವರ್ಷ ಆಂಧ್ರದಲ್ಲಿ ಸಾರಾ ನಿಂತಿತು. ಕೇರಳ 1996ರಲ್ಲಿ ಚಾರಾಯಂ ನಿಲ್ಲಿಸಿತು, ಕರ್ನಾಟಕ 2007ರಲ್ಲಿ ಸಾರಾಯಿ ನಿಲ್ಲಿಸಿತು. ಮೂರು ಭಾಷೆಯಲ್ಲಿ ಹೆಸರು ಬೇರೆ, ಕುಡಿದವನ ಮನೆಯ ಕಥೆ ಒಂದೇ. ಕಾನೂನು ಬಾಟ್ಲಿ ಕಿತ್ತುಕೊಳ್ಳಬಲ್ಲದು. ಆಮೇಲೆ ನಡುಗುವ ಕೈಯನ್ನು ಹಿಡಿದುಕೊಳ್ಳಲಾರದು. ಈಗ ಬಾಟ್ಲಿ ಜೊತೆ ಎಂಡಿಎಂಎ ಪುಡಿಯೂ ಸೇರಿಕೊಂಡಿದೆ. ಮುತ್ತಂಗ ಚೆಕ್‌ಪೋಸ್ಟಿನಲ್ಲಿ ಅದು ಸಿಕ್ಕಿಬಿದ್ದ ಸುದ್ದಿ ಓದುತ್ತಲೇ ಇದ್ದೇವೆ.

ಮೆಣಸು ಬೆಳೆಯುವವರಿಗೆ ಈ ಮಾತು ಬೇಗ ಅರ್ಥವಾದೀತು. 2005ರ ಸುಮಾರಿಗೆ ಒಂದು ಸಣ್ಣ ಕಣಜ ಬಂದು, ವಯನಾಡಿನವರು ಮುರಿಕ್ಕು ಅನ್ನೋ, ನಾವು ಹಾಲುವಾಣ ಅನ್ನೋ ಮರಗಳನ್ನು ಕೊಂದುಹಾಕಿತು. ಬಳ್ಳಿಯ ಬೇರು ಚೆನ್ನಾಗಿತ್ತು, ಆದರೆ ಆಸರೆ ಮರ ಸತ್ತು ಬಳ್ಳಿ ನೆಲಕ್ಕೆ ಬಿತ್ತು. ನಶೆಯೂ ಒಂದು ಆಸರೆಯೇ, ಹುಳು ಹಿಡಿದ ಆಸರೆ. ಅದನ್ನು ಕಿತ್ತದ್ದು ಒಳ್ಳೆಯದಾಯ್ತು. ಬೇರೆ ಮರ ನೆಟ್ಟೆವಾ ಅನ್ನೋದೇ ಪ್ರಶ್ನೆ.

ಮೊದಲು ದೇಹದ ಲೆಕ್ಕ ತಿಳಿಯಬೇಕು. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ಬಿಟ್ಟರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಭ್ರಮೆ ಹಿಡಿದು, ಇಲ್ಲದ್ದೆಲ್ಲ ಕಂಡು, ಪ್ರಾಣಕ್ಕೇ ಕುತ್ತಾಗಬಹುದು. ಅದನ್ನು ದೆವ್ವ ಅಂತ ಮಂತ್ರವಾದಿ ಹತ್ತಿರ ಒಯ್ಯಬೇಡಿ, ಆಸ್ಪತ್ರೆಗೆ ಒಯ್ಯಿರಿ. ನಿದ್ರೆ ಮಾತ್ರೆ ಚಟ ಇರುವವರೂ ವೈದ್ಯರನ್ನು ಕೇಳದೆ ತಟ್ಟನೆ ನಿಲ್ಲಿಸಬಾರದು. ಗಾಂಜಾ ಬಿಟ್ಟವನಿಗೆ ಒಂದೆರಡು ವಾರ ಸಿಡಿಮಿಡಿ, ನಿದ್ದೆಗೇಡು. ಪುಡಿ ಬಿಟ್ಟವನಿಗೆ ಬದುಕೇ ಸಪ್ಪೆ. ಇವು ಸಾಮಾನ್ಯವಾಗಿ ಇಳಿಯುತ್ತವೆ. ತಿಂಗಳಾದರೂ ಮಂಕು ಇಳಿಯದಿದ್ದರೆ, ಕಿವಿಯಲ್ಲಿ ದನಿ ಕೇಳಿಸುತ್ತಿದ್ದರೆ, ಎಲ್ಲರ ಮೇಲೂ ಅನುಮಾನ ಹುಟ್ಟಿದರೆ, ಅದು ಬೇರೆಯೇ ಕಾಯಿಲೆ. ಅದಕ್ಕೂ ಔಷಧಿ ಇದೆ. ಎಷ್ಟೋ ಸಲ ಆ ಕಾಯಿಲೆ ಮೊದಲೇ ಇದ್ದು, ಅದನ್ನು ಮರೆಯಲೆಂದೇ ಮನುಷ್ಯ ಕುಡಿಯುತ್ತಿರುತ್ತಾನೆ.

ಇಲ್ಲಿ ಗೆಳೆಯನ ಕೆಲಸ ಏನು? "ಮನಸ್ಸು ಗಟ್ಟಿ ಮಾಡ್ಕೊ" ಅನ್ನೋದು ಸುಲಭ. ಕಾಲು ಮುರಿದವನಿಗೆ ಎದ್ದು ಓಡು ಅಂದ ಹಾಗೆ ಅದು. ಅದರ ಬದಲು ಹಳೇ ಕುಡಿತದ ಹೊತ್ತಿಗೆ, ಸಂಜೆ ಆರು ಗಂಟೆಗೆ, ಹೋಗಿ ಜೊತೆಯಲ್ಲಿ ಕೂರಿ. ಊಟ ಮಾಡಿದ್ದಾನಾ, ಮಾತ್ರೆ ತಗೊಂಡಿದ್ದಾನಾ ನೋಡಿ. ಹಗುರವಾದ ಕೆಲಸಕ್ಕೆ ಕರೆಯಿರಿ. ಒಬ್ಬರೇ ಹೊತ್ತರೆ ನೀವೂ ಕುಸಿದೀರಿ, ಮೂರು ಜನ ಸರದಿ ಮಾಡಿಕೊಳ್ಳಿ. ಮತ್ತೆ ಜಾರಿದರೆ ಹಂಗಿಸಬೇಡಿ, ಮತ್ತೆ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಇಂಜೆಕ್ಷನ್ ಚಟ ಬಿಟ್ಟಿದ್ದವನು ಮತ್ತೆ ಹಳೇ ಅಳತೆ ತಗೊಂಡರೆ ಆ ಒಂದೇ ಸಲಕ್ಕೆ ಪ್ರಾಣ ಹೋಗಬಹುದು; ಅಷ್ಟು ಹೊತ್ತಿಗೆ ದೇಹ ಆ ಅಭ್ಯಾಸ ಕಳೆದುಕೊಂಡಿರುತ್ತದೆ.

ಅವನು "ನಾನು ಎಲ್ಲರಿಗೂ ಭಾರ" ಅಂದರೆ, ಸಾಲದ ಲೆಕ್ಕ ದಿಢೀರನೆ ಚುಕ್ತಾ ಮಾಡಿದರೆ, ನೇರವಾಗಿ ಕೇಳಿ: "ಸಾಯಬೇಕು ಅನ್ನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನೋದು ಸುಳ್ಳು, ಕೇಳಿದರೆ ಎದೆ ಭಾರ ಇಳಿಯುತ್ತದೆ. ಹೌದು ಅಂದರೆ ಅವನನ್ನು ಒಬ್ಬನೇ ಬಿಡಬೇಡಿ. ರೈತರ ಮನೆ ಆದ್ದರಿಂದ ಇನ್ನೊಂದು ಮಾತು. ಔಷಧಿ ಹೊಡೆಯುವ ವಿಷದ ಡಬ್ಬಗಳಿಗೆ ಬೀಗ ಹಾಕಿ, ಬೀಗದಕೈ ಬೇರೆಯವರ ಹತ್ತಿರ ಇಡಿ.

ಗಡಿಯ ಕಷ್ಟ ಬೇರೆ ಇದೆ. ವಯನಾಡಿನ ರೈತರು ಗುಂಡ್ಲುಪೇಟೆ, ಎಚ್.ಡಿ.ಕೋಟೆ ಕಡೆ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕಿ, ತಿಂಗಳುಗಟ್ಟಲೆ ಷೆಡ್ಡಿನಲ್ಲೇ ಇರುತ್ತಾರೆ. ಹೆಂಡತಿ ಮಕ್ಕಳು ಆ ಕಡೆ, ಕುಡಿಯುವ ಜೊತೆಗಾರರು ಈ ಕಡೆ. ಚಿಕಿತ್ಸೆ ಒಂದು ರಾಜ್ಯದಲ್ಲಿ, ದುಡಿಮೆ ಇನ್ನೊಂದು ರಾಜ್ಯದಲ್ಲಿ. ಕೇರಳದ ವಿಮುಕ್ತಿ ಯೋಜನೆಯ ವ್ಯಸನಮುಕ್ತಿ ಕೇಂದ್ರ ಕಲ್ಪೆಟ್ಟದಲ್ಲಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎರಡೂ ರಾಜ್ಯಗಳಲ್ಲಿ ಇದೆ. ಆ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ, 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ಹಳ್ಳಿಯ ವೈದ್ಯರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗ. ಕನ್ನಡ, ತೆಲುಗು ಎರಡೂ ಆಡುವ ನಾಡಲ್ಲಿ ಆದದ್ದು ಮಲಯಾಳಂ, ಕನ್ನಡ ಆಡುವ ನಾಡಲ್ಲಿ ಯಾಕಾಗಬಾರದು? ದುಃಖವನ್ನು ಯಾರೂ ಕಲಿತ ಭಾಷೆಯಲ್ಲಿ ಹೇಳಿಕೊಳ್ಳುವುದಿಲ್ಲ. ಬತ್ತೇರಿಯಲ್ಲಿ ಕನ್ನಡ ಬಲ್ಲ, ಗುಂಡ್ಲುಪೇಟೆಯಲ್ಲಿ ಮಲಯಾಳಂ ಬಲ್ಲ ಒಬ್ಬೊಬ್ಬ ಆಪ್ತಸಮಾಲೋಚಕರನ್ನು ಎರಡೂ ಸರ್ಕಾರಗಳು ಕೊಡಲಿ. ಒಂದು ಕಡೆ ಕೊಟ್ಟ ಮಾತ್ರೆ ಇನ್ನೊಂದು ಕಡೆ ನಿಲ್ಲದಂತೆ ಆಸ್ಪತ್ರೆಗಳು ಪರಸ್ಪರ ಮಾತಾಡಿಕೊಳ್ಳಲಿ.

ಅಲ್ಲಿಯವರೆಗೆ ಫೋನಾದರೂ ಇದೆ. 2022ರಲ್ಲಿ ಶುರುವಾದ ಟೆಲಿ ಮಾನಸ್, ನಂಬರು 14416, ಹಗಲೂ ರಾತ್ರಿ, ದುಡ್ಡಿಲ್ಲದೆ. ಕನ್ನಡ, ಮಲಯಾಳಂ ಎರಡರಲ್ಲೂ ಮಾತಾಡಬಹುದು. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿದ್ದರೂ ಆಂಬುಲೆನ್ಸಿಗೆ ತಡೆಯಿಲ್ಲ. ಬೆಳಗಾಗಲಿ ಅಂತ ಕಾಯಬೇಡಿ.

ವ್ಯಾಪಾರಸ್ಥರಿಗೆ ಕೊನೆಯ ಮಾತು. ಮಾಲು ತೂಕ ಹಾಕಿ ರೊಕ್ಕ ಎಣಿಸಿದ ಮೇಲೆ ಬಾಟ್ಲಿ ಇಟ್ಟು ವ್ಯವಹಾರ ಮುಗಿಸುವ ಪದ್ಧತಿ ನಮ್ಮಲ್ಲಿದೆ. ಎದುರಿಗೆ ಕೂತವನು ಬಿಟ್ಟವನಾಗಿದ್ದರೆ ಅವನಿಗೆ ಒತ್ತಾಯ ಮಾಡಬೇಡಿ, ಅವನ ಮುಂದೆ ಸುರಿಯಲೂ ಬೇಡಿ. ಚಾ ತರಿಸಿ. ವ್ಯಾಪಾರ ಚಾದಲ್ಲೂ ಕುದುರುತ್ತದೆ.