ಹಾಡಿದವರು ಗೊತ್ತು, ನುಡಿಸಿದವರು?



ಈ ವಾರ ಗಾಂಧಿನಗರದ ಸುದ್ದಿ ಇಲ್ಲ. ಯಾರ ಚಿತ್ರಕ್ಕೆ ಮುಹೂರ್ತ, ಯಾರಿಗೆ ಯಾರ ಮೇಲೆ ಮುನಿಸು ಎಂಬ ಒಗ್ಗರಣೆಯನ್ನೆಲ್ಲ ಮುಂದಿನ ವಾರಕ್ಕೆ ಎತ್ತಿಟ್ಟಿದ್ದೇನೆ. ಈ ಸಲ ನಿಮ್ಮನ್ನು ಕರೆದೊಯ್ಯುವುದು ಒಂದು ಗಣಪತಿ ಪೆಂಡಾಲಿನ ಹಿಂಬದಿಗೆ. ಹೌದು ಸ್ವಾಮಿ, ಹಿಂಬದಿಗೇ! ಮುಂದುಗಡೆ ಶಿಳ್ಳೆ ಹೊಡೆಯೋಕೆ ನೀವು ಇದ್ದೇ ಇರ್ತೀರಲ್ಲ.

ಹಾಸನ ಜಿಲ್ಲೆಯ ಒಂದು ಪುಟ್ಟ ಊರು. ನೆಂಟರ ಮನೆಗೆ ಹೋದವನು ಊಟ ಮುಗಿಸಿ ವಾದ್ಯಗೋಷ್ಠಿ ನೋಡಲು ಹೊರಟೆ. ವೇದಿಕೆ ಮೇಲೆ ಏಳು ಜನ. ನಿರೂಪಕ ಮಹಾಶಯ ಗಾಯಕನನ್ನು ‘ಜೂನಿಯರ್ ಅಣ್ಣಾವ್ರು’ ಅಂದ, ಗಾಯಕಿಯನ್ನು ‘ಗಾನಕೋಗಿಲೆ’ ಅಂದ. ಚಪ್ಪಾಳೆಯೋ ಚಪ್ಪಾಳೆ! ಉಳಿದ ಐದು ಜನ? ‘ಮತ್ತು ತಂಡದವರು’. ಅಲ್ಲಿಗೆ ಮುಗೀತು ಅವರ ಕಥೆ.

ನನಗೆ ಯಾಕೋ ಚುರುಕ್ ಅಂತು. ವೇದಿಕೆಯ ಹಿಂದಕ್ಕೆ ಹೋದೆ. ಅಲ್ಲೊಬ್ಬ ಹುಡುಗ ತೆಂಗಿನ ಗರಿಗೆ ಬೆಂಕಿ ಹಚ್ಚಿಕೊಂಡು ತಮಟೆ ಕಾಯಿಸುತ್ತ ಕೂತಿದ್ದ. “ತೊಗ್ಲು ತಣ್ಣಗಾದ್ರೆ ಸದ್ದು ಏಳಾಕಿಲ್ಲ ಸಾ” ಅಂದ. ತಂಡದಲ್ಲಿ ರಿದಂ ಪ್ಯಾಡ್ ಬಾರಿಸುವವನು ಇವನೇ. ತಮಟೆ ಜಾನಪದ ಹಾಡಿಗೆ ಮಾತ್ರ. “ಯಾರ ಹತ್ರ ಕಲಿತೆ?” ಅಂತ ಕೇಳಿದೆ. “ನಮ್ಮಪ್ಪ. ಇದೇ ಗಣಪತಿ ಮೆರವಣಿಗೆಗೆ ಇಪ್ಪತ್ತು ವರ್ಷ ತಮಟೆ ಬಡಿದೋನು. ಪೆಂಡಾಲ್ ಒಳಕ್ಕೆ ಮಾತ್ರ ಒಂದಿನಾನೂ ಕಾಲಿಡ್ಲಿಲ್ಲ. ಈಗ ನಾನು ಸ್ಟೇಜ್ ಮೇಲೇ ಕೂರ್ತೀನಿ” ಎಂದು ನಕ್ಕ. ಆ ನಗುವಿಗೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ ಮಿತ್ರರೇ.

ಕೀಬೋರ್ಡ್ ನುಡಿಸುವವರು ಮಂಗಳೂರು ಕಡೆಯವರು. ಇಲ್ಲೇ ಒಂದು ಶಾಲೆಯಲ್ಲಿ ಮೇಷ್ಟ್ರು. “ಚರ್ಚಿನ ಕ್ವಾಯರಿಗೆ ನುಡಿಸ್ತಾ ಕಲ್ತದ್ದು ಮಾರಾಯ್ರೆ. ನೊಟೇಷನ್ ನೋಡಿಯೇ ನುಡಿಸಬೇಕು, ಇಲ್ಲದಿದ್ರೆ ಬೈಗುಳ” ಎಂದರು. ಇದೇನು ಸಣ್ಣ ವಿದ್ಯೆ ಅಂದುಕೊಳ್ಳಬೇಡಿ! ಮುಂಬಯಿ ಚಿತ್ರರಂಗದ ಹಳೆಯ ವಾದ್ಯಮೇಳಗಳ ಬೆನ್ನೆಲುಬೇ ಗೋವಾ ಕಡೆಯ ಕ್ರೈಸ್ತ ವಾದಕರು. ಶಂಕರ್-ಜೈಕಿಶನ್ ಹಾಡುಗಳಿಗೆ ವಾದ್ಯ ಸಂಯೋಜನೆ ಮಾಡಿದವರು ಸೆಬಾಸ್ಟಿಯನ್ ಡಿಸೋಜಾ. 1977ರ ‘ಅಮರ್ ಅಕ್ಬರ್ ಆಂಥೋನಿ’ಯಲ್ಲಿ ಅಮಿತಾಭ್ ಮೊಟ್ಟೆಯೊಳಗಿಂದ ಹೊರಬಂದು ತನ್ನ ಹೆಸರು ಆಂಥೋನಿ ಗೊನ್ಸಾಲ್ವಿಸ್ ಅಂತ ಹೇಳ್ಕೊಂಡು ಕುಣಿಯೋದು ನೆನಪಿದೆಯಲ್ಲ? ಆ ಹೆಸರಿನ ವಯಲಿನ್ ಗುರು ನಿಜವಾಗಿಯೂ ಇದ್ದರು. ಸಂಗೀತ ನಿರ್ದೇಶಕ ಪ್ಯಾರೇಲಾಲ್ ಅವರ ಶಿಷ್ಯ. ಗುರುದಕ್ಷಿಣೆ ಅಂದರೆ ಹೀಗಿರಬೇಕು!

ಸ್ಯಾಕ್ಸಫೋನಿನ ಸಾಬರು ಮದುವೆ ಬ್ಯಾಂಡ್ ಸೆಟ್ಟಿನಿಂದ ಬಂದವರು. ಅಪ್ಪನದು ಕ್ಲಾರಿಯೋನೆಟ್, ಮಗನದು ಸ್ಯಾಕ್ಸ್. ಮದುಮಗನ ಮೆರವಣಿಗೆಯ ಮುಂದೆ ನಡೆಯುತ್ತ ನಡೆಯುತ್ತಲೇ ಉಸಿರು ಹಿಡಿಯುವುದನ್ನು ಕಲಿತರಂತೆ. “ಕೂತ್ಕೊಂಡು ಊದೋದು ನಮಗೆ ರೆಸ್ಟ್ ಇದ್ದಂಗೆ ಸಾರ್” ಅಂತಾರೆ. ನಮ್ಮ ನಾಡಿನಲ್ಲಿ ಈ ವಾದ್ಯಕ್ಕೆ ದೊಡ್ಡ ಗೌರವ ತಂದವರು ಕದ್ರಿ ಗೋಪಾಲನಾಥ್. ನಾಗಸ್ವರ ನುಡಿಸುವ ಮನೆಯ ಹುಡುಗ, ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸಫೋನ್ ಕಂಡು ಮರುಳಾಗಿ, ಅದರಲ್ಲೇ ಕರ್ನಾಟಕ ಸಂಗೀತ ನುಡಿಸಿದವರು. 2019ರಲ್ಲಿ ತೀರಿಕೊಂಡರು. ಅವರ ಹೆಸರೆತ್ತಿದ ಕೂಡಲೇ ನಮ್ಮ ಸಾಬರು ಎರಡೂ ಕಿವಿ ಮುಟ್ಟಿಕೊಂಡರು.

ಢೋಲಕ್ ಮತ್ತು ತಬಲಾ ಹಿರಿಯರೊಬ್ಬರ ಕೈಯಲ್ಲಿ. ಶನಿವಾರದ ಭಜನೆಯಲ್ಲಿ ತಾಳ ಹಿಡಿದು ಶುರುವಾದವರು. ಬೇಸ್ ಗಿಟಾರಿನ ಹುಡುಗ ಟೈಲರ್. ಹೊಲಿಗೆ ಅಂಗಡಿಯ ಟೇಪ್ ರೆಕಾರ್ಡರಿನಲ್ಲಿ ‘ಗೀತಾ’ ಚಿತ್ರದ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳಿಯೇ ಕಲಿತವನು. ಟೇಪು ಸವೆದು ಹರಿಯಿತು, ವಿದ್ಯೆ ಉಳಿಯಿತು! ಗಾಯಕಿ ಶಾಸ್ತ್ರೀಯ ಸಂಗೀತದಲ್ಲಿ ಜೂನಿಯರ್ ಪರೀಕ್ಷೆ ಪಾಸು. “ಸಿನಿಮಾ ಹಾಡೋದಾದ್ರೆ ನನ್ನ ಹೆಸರು ಹೇಳ್ಬೇಡ” ಎಂದು ಗುರುಗಳ ಆಜ್ಞೆ. ಪಾಪ, ಈ ಹೆಣ್ಣುಮಗಳು ಇವತ್ತಿಗೂ ಹೇಳಿಲ್ಲ. ಆದರೆ ಹಾಡುವ ಮುಂಚೆ ಕಣ್ಣು ಮುಚ್ಚಿ ಅವರನ್ನೇ ನೆನೆಯುತ್ತಾಳೆ.

ಇನ್ನು ನಮ್ಮ ಜೂನಿಯರ್ ಅಣ್ಣಾವ್ರು! ಹೊಲಗದ್ದೆ ನೋಡಿಕೊಂಡಿರುವ ರೈತ. ಊರ ‘ಕುರುಕ್ಷೇತ್ರ’ ನಾಟಕದಲ್ಲಿ ಕೃಷ್ಣನ ಪಾತ್ರ. ಹಾರ್ಮೋನಿಯಂ ಮೇಷ್ಟ್ರು ಬೆಳಗಿನ ಜಾವದವರೆಗೂ ಹೊಡೆದು ಬಡಿದು ಕಲಿಸಿದ ಕಂಠ. ಅಸಲಿ ಅಣ್ಣಾವ್ರೂ ರಂಗಭೂಮಿಯವರೇ ತಾನೆ? ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿ 1954ರ ‘ಬೇಡರ ಕಣ್ಣಪ್ಪ’ಕ್ಕೆ ಬಂದರು. ವರ್ಷಗಟ್ಟಲೆ ಅವರಿಗೆ ಪಿ.ಬಿ. ಶ್ರೀನಿವಾಸ್ ಕಂಠವಾದರು. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆಯ ಮೇಲೆ ಕೂತು ಸ್ವಂತ ಕಂಠದಲ್ಲಿ ಹಾಡಿದಾಗ ನಾಡೇ ಕುಣಿಯಿತು. 1992ರ ‘ಜೀವನ ಚೈತ್ರ’ದ ಹಾಡಿಗೆ ಗಾಯಕನಾಗಿ ರಾಷ್ಟ್ರಪ್ರಶಸ್ತಿಯೇ ಬಂತು. ಅದು ಕಂಪನಿ ನಾಟಕದ ಗರಡಿಯ ಫಲ ಸ್ವಾಮಿ!

ಇಷ್ಟು ಹೊತ್ತಿಗೆ ಸಮಿತಿಯ ಹಿರಿಯರೊಬ್ಬರು ಕಾಫಿ ಹಿಡಿದು ಬಂದರು. ಒಳ್ಳೆಯ ಮನುಷ್ಯ. ಆದರೆ ಎಲ್ಲರ ಎದುರಿಗೇ ನನ್ನ ಹತ್ತಿರ ಹೇಳಿಬಿಟ್ಟರು: “ಮುಂದಿನ ವರ್ಷದಿಂದ ಇಷ್ಟು ಜನ ಬೇಡ ಅಂತಿದೀವಿ. ಇಬ್ಬರು ಹಾಡೋರು ಸಾಕು. ಟ್ರ್ಯಾಕ್ ಹಾಕ್ಕೊಂಡು ಹಾಡ್ತಾರೆ. ಕೇಳೋರಿಗೆ ಏನು ವ್ಯತ್ಯಾಸ ಗೊತ್ತಾಗುತ್ತೆ?”

ಯಾರೂ ಉತ್ತರ ಕೊಡಲಿಲ್ಲ. ಢೋಲಕ್ಕಿನ ಹಿರಿಯರು ಸುಮ್ಮನೆ ಹಗ್ಗ ಬಿಗಿ ಮಾಡತೊಡಗಿದರು. ಟೈಲರ್ ಹುಡುಗ ಕಾಫಿ ಲೋಟ ಕೆಳಗಿಟ್ಟ. ಜೂನಿಯರ್ ಅಣ್ಣಾವ್ರ ತಲೆ ಎಲ್ಲರಿಗಿಂತ ಕೆಳಗೆ. ಯಾಕೆಂದರೆ ಉಳಿಯುವವರಲ್ಲಿ ಅವರೊಬ್ಬರು!

ಎರಡನೇ ಭಾಗ ಶುರುವಾಯಿತು. ಮೂರನೇ ಹಾಡು ನಡೆಯುತ್ತಿದ್ದಾಗ... ಫಟ್! ಕರೆಂಟು ಹೋಯಿತು. ಮೈಕು ಸತ್ತಿತು, ಕೀಬೋರ್ಡು ಸತ್ತಿತು, ಬೇಸ್ ಗಿಟಾರು, ಪ್ಯಾಡು ಎಲ್ಲ ಮೂಕ. ಜನರೇಟರ್ ಎಷ್ಟು ಎಳೆದರೂ ಕೆಮ್ಮುತ್ತದೆ, ಏಳುವುದಿಲ್ಲ. ಕತ್ತಲಲ್ಲಿ ಜನ ಎದ್ದು ಹೊರಡುವುದಕ್ಕೇ ಇದ್ದರು.

ಆಗ ಢೋಲಕ್ ನಿಲ್ಲಲಿಲ್ಲ. ಕಾಯಿಸಿಟ್ಟ ತಮಟೆ ಅದಕ್ಕೆ ಜೊತೆಯಾಯಿತು. ಅಬ್ಬಾ, ಆ ಏಟು! ಪ್ಯಾಡಿನಲ್ಲಿ ಸಂಜೆಯಿಂದ ಬಾರಿಸಿದ್ದೆಲ್ಲ ಅದರ ಮುಂದೆ ಮಕ್ಕಳಾಟ. ಸಾಬರು ಎದ್ದು ನಿಂತು ಮದುವೆ ಮೆರವಣಿಗೆಯ ಗತ್ತಿನಲ್ಲಿ ಊದಿದರು. ನಮ್ಮ ಕೃಷ್ಣ ಪರಮಾತ್ಮ ಮೈಕನ್ನು ಪಕ್ಕಕ್ಕಿಟ್ಟು, ಎದೆ ತುಂಬ ಉಸಿರು ಎಳೆದು, ನಾಟಕದ ಕಂಠ ತೆಗೆದರು ನೋಡಿ... ರಸ್ತೆಯಾಚೆಯ ಬೀಡಾ ಅಂಗಡಿಯವನು ಕೂಡ ಬಂದು ನಿಂತ! ಕೀಬೋರ್ಡ್ ಮೇಷ್ಟ್ರು, ಟೈಲರ್ ಹುಡುಗ ಇಬ್ಬರೂ ಗಾಯಕಿಯ ಪಕ್ಕ ನಿಂತು ಕ್ವಾಯರಿನಂತೆ ದನಿ ಕೂಡಿಸಿದರು. ಕಾಲು ಗಂಟೆ. ಒಬ್ಬನೂ ಜಾಗ ಬಿಟ್ಟು ಅಲ್ಲಾಡಲಿಲ್ಲ.

ಜನಸಂದಣಿಯ ಅಂಚಿನಲ್ಲಿ ಟವೆಲ್ ಹೊದ್ದ ಮುದುಕರೊಬ್ಬರು ಬೆರಳಿನಲ್ಲಿ ತಮ್ಮ ತೊಡೆಯ ಮೇಲೆ ಅದೇ ತಾಳ ಹಾಕುತ್ತಿದ್ದರು. ಯಾರೆಂದು ನಾನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ದೀಪ ಬಂತು. ಸಮಿತಿಯ ಹಿರಿಯರ ಮನಸ್ಸು ಕರಗಿತೇನೋ ಅಂತ ಹತ್ತಿರ ಹೋದೆ. “ಛೆ, ಆ ಜನರೇಟರ್ ಮೊದಲೇ ನೋಡಿಸಬೇಕಿತ್ತು” ಎಂದರು. ಇದು ಸಿನಿಮಾ ಅಲ್ಲವಲ್ಲ ಮಿತ್ರರೇ, ಕ್ಲೈಮ್ಯಾಕ್ಸಿನಲ್ಲಿ ಎಲ್ಲರೂ ಬದಲಾಗುವುದಕ್ಕೆ!

ಆದರೆ ನೀವು ಬದಲಾಗಬಹುದು. ಇಂಥ ಊರೂರು ತಿರುಗುವ ಮೇಳಗಳೇನು ಕಡಿಮೆಯೇ? ಇಳಯರಾಜ ತಮ್ಮ ಅಣ್ಣನ ಮೇಳದ ಜೊತೆ ಹಳ್ಳಿ ಹಳ್ಳಿ ಸುತ್ತಿದವರು. ಆಮೇಲೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ವಾದ್ಯಗೋಷ್ಠಿಯಲ್ಲಿ ನುಡಿಸಿದರು, ನಮ್ಮ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿ ದುಡಿದರು. 1976ರಲ್ಲಿ ‘ಅನ್ನಕ್ಕಿಳಿ’ ಬರುವ ತನಕ ಅವರೂ ‘ಮತ್ತು ತಂಡದವರು’! ನಮ್ಮ ರಾಜನ್-ನಾಗೇಂದ್ರರ ತಂದೆ ಮೂಕಿ ಚಿತ್ರಗಳಿಗೆ ತೆರೆಯ ಪಕ್ಕ ಕೂತು ವಾದ್ಯ ನುಡಿಸುತ್ತಿದ್ದವರು. ಆ ಮನೆಯಿಂದಲೇ ಬಂತು ‘ಗಂಧದ ಗುಡಿ’ಯ, ‘ಎರಡು ಕನಸು’ವಿನ ಸಂಗೀತ. ಟ್ರ್ಯಾಕ್ ಹಾಕಿ ಹಾಡಿಸಿದರೆ ಖರ್ಚು ಉಳಿಯುತ್ತದೆ, ನಿಜ. ಆದರೆ ನಾಳೆಯ ವಾದಕನಿಗೆ ಕೂರಲು ಜಾಗ ಎಲ್ಲುಳಿಯುತ್ತದೆ?

ಆ ಏಳು ಜನರ ಹೆಸರನ್ನು ನಾನೇಕೆ ಬರೆಯಲಿಲ್ಲ ಅಂತ ಬೈಯ್ಯುತ್ತೀರಿ, ಗೊತ್ತು. ಬರೆದರೆ ಬಸ್ಸು ಇಳಿಯುವುದರೊಳಗೆ ಮರೆತಿರುತ್ತೀರಿ! ನಿಮ್ಮೂರಿನಲ್ಲೂ ಒಂದು ತಂಡ ಇದೆ. ಮುಂದಿನ ಸಲ ಶಿಳ್ಳೆ ಹೊಡೆದ ಮೇಲೆ ವೇದಿಕೆಯ ಹಿಂದಕ್ಕೆ ಹೋಗಿ. “ಅಣ್ಣಾ, ನಿಮ್ಮ ಹೆಸರೇನು? ಯಾರ ಹತ್ರ ಕಲಿತ್ರಿ?” ಅಂತ ಕೇಳಿ. ಆಮೇಲೆ ಸಮಿತಿಯವರ ಹತ್ತಿರ ಹೋಗಿ ಆ ಹೆಸರನ್ನೇ ಹೇಳಿ, ಮುಂದಿನ ವರ್ಷವೂ ಇವರೇ ಬರಲಿ ಅನ್ನಿ.

ಏನಂತೀರಿ?

ಮುಂದಿನ ವಾರ ಮತ್ತೆ ಗಾಂಧಿನಗರದಲ್ಲೇ ಸಿಗೋಣ. ಒಗ್ಗರಣೆ ಆರದಂತೆ ಮುಚ್ಚಿಟ್ಟಿದ್ದೇನೆ!