ಬೆನ್ನಚೀಲದ ಅತಿಥಿಯೂ ನಮ್ಮ ಮನೆಯ ಹೊಸ್ತಿಲೂ

ಮಾರ್ಗಶಿರ, ಪುಷ್ಯ ಮಾಸಗಳು ನಮ್ಮ ಬಳ್ಳಾರಿ ಸೀಮೆಗೆ ಒದಗುವ ಅಲ್ಪಕಾಲದ ಸುಖ. ಬೇಸಿಗೆಯಲ್ಲಿ 40 ಡಿಗ್ರಿ ಮೀರಿದ ಬಿಸಿಲಿಗೆ ಕೆಂಡದಂತೆ ಕಾಯುವ ಬಂಡೆಗಳು ಈಗ ಮುಂಜಾನೆಯ ಹೊತ್ತು ತಣ್ಣಗಿರುತ್ತವೆ. ಸಿರುಗುಪ್ಪದ ಕಡೆ ಭತ್ತದ ಕೊಯ್ಲು ಮುಗಿದಿರುತ್ತದೆ; ಎರೆಯ ಹೊಲಗಳಲ್ಲಿ ಬಿಳಿಜೋಳ ತೆನೆಗಟ್ಟುತ್ತಿರುತ್ತದೆ. ನಡೆಯಲು, ನೋಡಲು, ನಾಲ್ಕು ಜನರೊಡನೆ ಬೆರೆಯಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಈ ದಿನಗಳಲ್ಲಿ ಬೆನ್ನಿಗೊಂದು ಚೀಲ ಏರಿಸಿಕೊಂಡು ಊರಿಂದೂರಿಗೆ ಹೋಗುವ ತರುಣ ತರುಣಿಯರನ್ನು ಬಸ್ ನಿಲ್ದಾಣಗಳಲ್ಲಿ ಕಾಣುತ್ತೇವೆ. ಇವರಲ್ಲಿ ಕೆಲವರು ವಸತಿಗೃಹಗಳನ್ನು ಅರಸುವುದಿಲ್ಲ. ಆಯಾ ಊರಿನವರ ಮನೆಯಲ್ಲಿಯೇ ಒಂದೆರಡು ರಾತ್ರಿ ತಂಗಿ, ಅವರು ಉಂಡದ್ದನ್ನು ಉಂಡು, ಅವರ ಬದುಕನ್ನು ಅರಿಯಬಯಸುತ್ತಾರೆ. ನಮ್ಮ ಮಕ್ಕಳೂ ಹೀಗೆ ಹೊರಡಲು ಅನುಮತಿ ಕೇಳುತ್ತಿದ್ದಾರೆ. ಗುರುತಿಲ್ಲದವರ ಮನೆಯಲ್ಲಿ ತಂಗುವುದು ಹೇಗೆ? ಗುರುತಿಲ್ಲದವರನ್ನು ಮನೆಯೊಳಗೆ ಇರಿಸಿಕೊಳ್ಳುವುದು ಹೇಗೆ? ಹಿರಿಯರ ಮನಸ್ಸಿನಲ್ಲಿ ಏಳುವ ಈ ಎರಡು ಪ್ರಶ್ನೆಗಳನ್ನು ಈ ತಿಂಗಳು ವಿಚಾರ ಮಾಡೋಣ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ಪದ್ಧತಿ ಪರದೇಶದಿಂದ ಬಂದದ್ದೆಂದು ಭಾವಿಸುವವರು ನಮ್ಮ ಪರಂಪರೆಯನ್ನೇ ಮರೆತಂತೆ. ಗುರು, ಲಿಂಗ, ಜಂಗಮವೆಂಬ ತ್ರಿವಿಧದಲ್ಲಿ ಜಂಗಮವೆಂದರೆ ಚಲಿಸುವ ಚೈತನ್ಯ. ಚರಜಂಗಮನಿಗೆ ಸ್ವಂತ ಮನೆಯಿಲ್ಲ. ಭಕ್ತನ ಮನೆಯೇ ಅವನ ಮನೆ. ಅವನು ಹೆಗಲಿಗೆ ಜೋಳಿಗೆ ಹಾಕಿ ಊರೂರು ಸುತ್ತಿದ. ಒಂದೂರಿನ ಅನುಭಾವವನ್ನು ಇನ್ನೊಂದೂರಿಗೆ ಮುಟ್ಟಿಸಿದ. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದಳು. ಹಾನಗಲ್ಲ ಕುಮಾರ ಶಿವಯೋಗಿಗಳು ಭಕ್ತರ ಮನೆ ಮನೆಗೆ ಜೋಳಿಗೆ ಹಿಡಿದು, 1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಕಟ್ಟಿದರು. ಇಂದಿಗೂ ಯುಗಾದಿಯ ಮುನ್ನ ಉತ್ತರದ ಜಿಲ್ಲೆಗಳಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಸಾವಿರಾರು ಭಕ್ತರಿಗೆ ದಾರಿಯ ಊರುಗಳ ಜನ ಅನ್ನ, ನೀರು, ನೆರಳು ಒದಗಿಸುತ್ತಾರೆ. ಆ ಯಾತ್ರಿಕರ ಹೆಸರನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ.

ಹೊರಗಿನ ಲೋಕವೂ ಈ ಸತ್ಯವನ್ನು ತನ್ನದೇ ದಾರಿಯಲ್ಲಿ ಕಂಡುಕೊಂಡಿದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ, ಡೆನ್ಮಾರ್ಕಿನಲ್ಲಿ ಕೆಲವು ಶಾಂತಿಪ್ರಿಯರು ಒಂದು ಬಳಗ ಕಟ್ಟಿದರು. ಮುಂದೆ 'ಸರ್ವಾಸ್' ಎಂದು ಹೆಸರಾದ ಆ ಬಳಗದ ತತ್ತ್ವ ಸರಳವಾದುದು: ಒಂದು ನಾಡಿನವನು ಇನ್ನೊಂದು ನಾಡಿನವನ ಮನೆಯಲ್ಲಿ ಹಣ ಕೊಡದೆ ತಂಗಿ, ಜೊತೆಯಲ್ಲಿ ಉಂಡರೆ, ಅವರಿಬ್ಬರ ನಡುವೆ ವೈರ ಬೆಳೆಯುವುದು ಕಷ್ಟ. 1962ರಲ್ಲಿ ಸತೀಶ್ ಕುಮಾರ್ ಮತ್ತು ಇ. ಪಿ. ಮೆನನ್ ಎಂಬ ಇಬ್ಬರು ತರುಣರು ಅಣ್ವಸ್ತ್ರ ವಿರೋಧಿಸಿ ದೆಹಲಿಯಿಂದ ಮಾಸ್ಕೋದತ್ತ ನಡೆದು ಹೊರಟಾಗ, ಕೈಯಲ್ಲಿ ಹಣ ಇಟ್ಟುಕೊಳ್ಳಬೇಡಿರೆಂದು ವಿನೋಬಾ ಭಾವೆಯವರು ತಿಳಿಹೇಳಿದರು. ಹಣವಿದ್ದವನು ಛತ್ರ ಹುಡುಕುತ್ತಾನೆ; ಹಣವಿಲ್ಲದವನು ಮನುಷ್ಯನನ್ನು ಹುಡುಕುತ್ತಾನೆ. ಅವರು ದೇಶ ದೇಶಗಳ ಅಪರಿಚಿತರ ಮನೆಗಳಲ್ಲಿ ಉಂಡು ಮಲಗಿ ಮಾಸ್ಕೋ, ಪ್ಯಾರಿಸ್, ಲಂಡನ್ ದಾಟಿ ವಾಷಿಂಗ್ಟನ್ ತಲುಪಿದರು.

ಹಾಗಾದರೆ ನಮ್ಮ ಸೀಮೆಗೆ ಬಂದ ಅತಿಥಿಗೆ ಏನು ದೊರೆತೀತು? ಬಳ್ಳಾರಿ ನಗರದಲ್ಲಿ ಅವನು ಗುಡ್ಡದ ಕೋಟೆಯನ್ನು ನೋಡುತ್ತಾನೆ. ಸಮೀಪದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನರ ನೆಲೆಯನ್ನೂ ಕಾಣುತ್ತಾನೆ. ಆದರೆ ಓಣಿಯ ಮನೆಯೊಂದರಲ್ಲಿ ಎರಡು ದಿನ ಇದ್ದರೆ ತಿಳಿಯುವುದೇ ಬೇರೆ. ಒಂದೇ ಕಟ್ಟೆಯ ಮೇಲೆ ಕನ್ನಡ, ತೆಲುಗು, ಉರ್ದು ಮೂರೂ ಮಾತುಗಳು ಕೂಡಿ ಹರಿಯುವುದನ್ನು ಕೇಳುತ್ತಾನೆ. 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿದ್ದ ಈ ನೆಲ ಮೈಸೂರಿಗೆ ಸೇರಿದ ಕಥೆಯನ್ನು ಮನೆಯ ಅಜ್ಜ ಹೇಳಿಯಾನು. ಸಂಜೆ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ತಟ್ಟೆ ಮುಂದಿಟ್ಟಾಗ ಕಣ್ಣಲ್ಲಿ ನೀರು ಬಂದರೂ ಅವನು ಇನ್ನೊಂದು ಕೇಳಿಯಾನು.

ಅಲ್ಲಿಂದ ಕುರುಗೋಡು ಸುಮಾರು 28 ಕಿಲೋಮೀಟರು. ಹನ್ನೆರಡನೆಯ ಶತಮಾನದಲ್ಲಿ ಸಿಂದ ಅರಸರ ರಾಜಧಾನಿಯಾಗಿದ್ದ ಊರಿದು; ಕಲ್ಯಾಣದಲ್ಲಿ ಶರಣರ ಕ್ರಾಂತಿ ನಡೆದ ಕಾಲವೂ ಅದೇ. ಬೇರೆಡೆ ಬಸವಣ್ಣ ಲಿಂಗದೆದುರು ಕುಳಿತಿದ್ದರೆ, ಇಲ್ಲಿಯ ದೊಡ್ಡಬಸವೇಶ್ವರ ತಾನೇ ಗರ್ಭಗುಡಿಯಲ್ಲಿ ಪೂಜೆಗೊಳ್ಳುವ ಏಕಶಿಲೆಯ ಬೃಹನ್ಮೂರ್ತಿ. ಫಾಲ್ಗುಣದ ರಥೋತ್ಸವಕ್ಕೆ ಇಲ್ಲಿ ಮನೆ ಮನೆಯೂ ನೆಂಟರಿಂದ ತುಂಬುತ್ತದೆ. ಚಳಿಗಾಲದಲ್ಲಿ ಬಂದ ಅತಿಥಿಗೆ ಗುಡಿಯೂ ಬೆಟ್ಟವೂ ಊರೂ ನಿರಾಳವಾಗಿ ಮಾತಿಗೆ ಸಿಗುತ್ತವೆ.

ಬಳ್ಳಾರಿಯಿಂದ ಉತ್ತರಕ್ಕೆ, ತೆಕ್ಕಲಕೋಟೆಯನ್ನು ದಾಟಿ ಹೋದರೆ, ತುಂಗಭದ್ರೆಯ ದಡದ ಸಿರುಗುಪ್ಪ. ವಿಜಯನಗರದ ಕಾಲದ ಕಾಲುವೆಗಳೂ ತುಂಗಭದ್ರಾ ಜಲಾಶಯದ ಕಾಲುವೆಯೂ ಉಣಿಸುವ ಅಕ್ಕಿಯ ನಾಡು ಇದು. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಕುಟುಂಬದ ಜೊತೆ ಕುಳಿತು, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಉಂಡವನಿಗೆ ಒಕ್ಕಲುತನದ ಅರ್ಥವನ್ನು ಪುಸ್ತಕದಿಂದ ಹೇಳಬೇಕಾಗಿಲ್ಲ.

ಇಷ್ಟಾದರೂ ಆತಿಥ್ಯವೆಂಬುದು ಒಂದು ಕೈಯಿಂದ ಆಗುವ ಚಪ್ಪಾಳೆಯಲ್ಲ. ಅತಿಥಿಗೂ ಆಚಾರವುಂಟು. ಹೇಳದೆ ಬರಬಾರದು, ಹೇಳಿದ ದಿನ ಮೀರಿ ನಿಲ್ಲಬಾರದು. ಮನೆಯವರ ಪೂಜೆಯ ವೇಳೆ, ಊಟದ ಕಟ್ಟಳೆಗಳನ್ನು ಗೌರವಿಸಬೇಕು. ಮದ್ಯ ಮಾಂಸಗಳು ಸಲ್ಲದ ಮನೆಯಲ್ಲಿ ಅವುಗಳ ಮಾತೂ ಬೇಡ. ತಾಟಿನಲ್ಲಿ ಅಗುಳೂ ಬಿಡಬಾರದು. ಪ್ರಸಾದವನ್ನು ಚೆಲ್ಲುವುದು ನಮ್ಮಲ್ಲಿ ಸಣ್ಣ ತಪ್ಪಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಅದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದ ಪ್ರಸಂಗವನ್ನು ಪ್ರತಿಯೊಬ್ಬ ಯಾತ್ರಿಕನೂ ನೆನೆಯಬೇಕು. ಪುಕ್ಕಟೆ ದೊರೆಯುತ್ತದೆಂದು ಹೆಚ್ಚು ಪಡೆಯುವುದು ಯಾತ್ರೆಯಲ್ಲ, ದುರಾಸೆ. ಉಂಡ ಮನೆಯಲ್ಲಿ ನೀರು ಸೇದಿ, ಕಸ ಗುಡಿಸಿ, ಮಕ್ಕಳಿಗೆ ನಾಲ್ಕು ಅಕ್ಷರ ಕಲಿಸಿ ಹೋದರೆ ಅದೇ ಕಾಯಕ.

ಮನೆಯವರಿಗೂ ಮೂರು ಮಾತು ಹೇಳಬೇಕು. ಮೊದಲನೆಯದು, ಎಚ್ಚರ. ಬರುವವನ ಗುರುತಿನ ಪತ್ರ ನೋಡುವುದು, ನೆರೆಯವರಿಗೆ ತಿಳಿಸುವುದು ಅವಮಾನವಲ್ಲ. ವಿದೇಶೀಯರು ತಂಗಿದರೆ ಅದನ್ನು ಅಧಿಕಾರಿಗಳಿಗೆ ತಿಳಿಸಬೇಕೆಂಬ ಕಾನೂನಿದೆ. ಅದನ್ನು ತಪ್ಪದೆ ಪಾಲಿಸಬೇಕು. ನಮ್ಮ ಹೆಣ್ಣುಮಕ್ಕಳು ಯಾತ್ರೆ ಹೊರಟಾಗ, ತಂಗುವ ಮನೆಯ ಹಿರಿಯ ತಾಯಿಯೊಡನೆ ನಾವೇ ಮೊದಲು ಮಾತನಾಡಿ ಕಳುಹಿಸುವುದು ಒಳ್ಳೆಯದು. ಬೇಡವೆಂದು ಬಾಗಿಲು ಹಾಕುವುದಕ್ಕಿಂತ ಅದು ಮೇಲು.

ಎರಡನೆಯದು, ದುಡಿಮೆ. ಅತಿಥಿಯನ್ನು ಕರೆತಂದ ಕೀರ್ತಿ ಯಜಮಾನರದು. ಒಲೆಯ ಮುಂದೆ ರೊಟ್ಟಿ ಬಡಿಯುವ ಕೈ ಗೃಹಿಣಿಯದು. ರಾತ್ರಿ ಹತ್ತಕ್ಕೆ ಬಂದು "ಇನ್ನಿಬ್ಬರು ಉಣ್ಣಾಕ ಬಂದಾರ" ಎಂದರೆ ಅದು ದಾಸೋಹವೆನಿಸುವುದಿಲ್ಲ. ಸೊಸೆಯ ಮೇಲೆ ಹೇರಿದ ಹೊರೆಯಾಗುತ್ತದೆ. ಲಕ್ಕಮ್ಮನವರನ್ನು ಕೇಳಿ ನಡೆದ ಮಾರಯ್ಯನವರ ಪರಂಪರೆ ನಮ್ಮದು. ಆಕೆಯನ್ನು ಕೇಳಿಯೇ ಅತಿಥಿಗೆ ಮಾತು ಕೊಡಬೇಕು. ನೀರು ತುಂಬುವ, ಹಾಸಿಗೆ ಹಾಸುವ, ಪಾತ್ರೆ ತೊಳೆಯುವ ಕೆಲಸಕ್ಕೆ ಗಂಡಸರೂ ಕೈಹಚ್ಚಬೇಕು.

ಮೂರನೆಯದು ಎಲ್ಲಕ್ಕಿಂತ ಕಠಿಣವಾದುದು. "ಬರ್ರೆಪ್ಪಾ, ಕೂಡ್ರಿ" ಎಂದ ಬೆನ್ನಿಗೇ "ನೀವು ಯಾವ ಪೈಕಿ?" ಎಂಬ ಪ್ರಶ್ನೆ ನಮ್ಮ ಪಡಸಾಲೆಗಳಲ್ಲಿ ಇನ್ನೂ ಕೇಳಿಬರುತ್ತಿದೆ. ಉತ್ತರವನ್ನು ನೋಡಿಕೊಂಡು ತಾಟು ಬದಲಾಗುತ್ತದೆ, ಕೂರಿಸುವ ಜಾಗ ಬದಲಾಗುತ್ತದೆ, ಕೆಲವೊಮ್ಮೆ ಮನೆಯಲ್ಲಿ ಸ್ಥಳವಿಲ್ಲವೆಂಬ ಸಬೂಬೂ ಹುಟ್ಟುತ್ತದೆ. ಬಂದವನನ್ನು ಯಾರವನೆಂದು ವಿಚಾರಿಸದೆ ನಮ್ಮವನೆಂದು ತಿಳಿಯಬೇಕೆಂದವರು ಬಸವಣ್ಣನವರು. ಅವರ ಭಾವಚಿತ್ರವನ್ನು ಗೋಡೆಗೆ ತೂಗುಹಾಕಿ, ಅದರ ಕೆಳಗೇ ಕುಳಿತು ಆ ಪ್ರಶ್ನೆ ಕೇಳುವುದು ಎಂಥ ಭಕ್ತಿ? ಹೆಸರು, ಊರು ಕೇಳೋಣ; ಉಂಡಿರೋ ಇಲ್ಲವೋ ಕೇಳೋಣ. ಆ ಇನ್ನೊಂದು ಪ್ರಶ್ನೆಯನ್ನು ನಾಲಿಗೆಯ ಮೇಲೆ ತರದಿರೋಣ.

ಹಿಂದೆ ಎರಡು ಅಂಕಣದ ಮಣ್ಣಿನ ಮನೆಯಲ್ಲಿ ಹತ್ತು ಜನ ಬದುಕಿ, ಹನ್ನೊಂದನೆಯವನಿಗೂ ಕಂಬಳಿ ಹಾಸಿದರು. ಇಂದು ಮಕ್ಕಳು ಬೆಂಗಳೂರು, ಅಮೆರಿಕಗಳಲ್ಲಿ ನೆಲೆಸಿದ ಮೇಲೆ ಮಹಡಿಯ ಕೋಣೆಗಳಿಗೆ ಬೀಗ ಬಿದ್ದಿದೆ. ದೂರದ ಊರಿನಲ್ಲಿರುವ ನಮ್ಮ ಮಗನಿಗೆ ಯಾರೋ ಒಬ್ಬ ತಾಯಿ ಬಿಸಿ ಅನ್ನ ಬಡಿಸಲೆಂದು ಹಾರೈಸುತ್ತೇವೆ. ನಮ್ಮ ಬಾಗಿಲಿಗೆ ಬಂದ ತರುಣನ ತಾಯಿಯೂ ಅದನ್ನೇ ಹಾರೈಸುತ್ತಿರುತ್ತಾಳೆ.

ಈ ಚಳಿಗಾಲ ಮುಗಿಯುವುದರೊಳಗೆ ಪ್ರತಿಯೊಂದು ಕುಟುಂಬವೂ ಒಬ್ಬ ಅಪರಿಚಿತ ಯಾತ್ರಿಕನನ್ನು ಒಂದು ರಾತ್ರಿಯ ಮಟ್ಟಿಗಾದರೂ ಬರಮಾಡಿಕೊಳ್ಳಲಿ. ಪ್ರತಿಯೊಂದು ಮನೆಯ ಮಗನೋ ಮಗಳೋ ಒಂದು ಹೊಸ ಊರಿನಲ್ಲಿ, ಒಂದು ಹೊಸ ಮನೆಯಲ್ಲಿ ವಿನಯದಿಂದ ತಂಗಿ ಬರಲಿ. ಜಂಗಮ ಚಲಿಸುತ್ತಿದ್ದರೆ ಭಕ್ತನ ಮನೆ ಬೆಳಗುತ್ತದೆ.