ಆಟವನ್ನು ಹಳಿಯುವ ಹಿರಿಯರಿಗೆ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಘದ ಪದಾಧಿಕಾರಿಗಳು ನಮ್ಮನ್ನು ಕೇಳಿದಾಗ ವಿಷಯವನ್ನೂ ಅವರೇ ಸೂಚಿಸಿದ್ದರು: ಇಂದಿನ ಮಕ್ಕಳು ಮತ್ತು ವಿದೇಶಿ ಆಟಗಳ ಹಾವಳಿ. ಆಯುಷ್ಯವನ್ನು ಶಾಲೆಯಲ್ಲಿ ಸವೆಸಿದ ನಾವು ಇಂಥ ವಿಷಯವನ್ನು ಒಲ್ಲೆವೆನ್ನುವವರಲ್ಲ. ಮಕ್ಕಳನ್ನು ಹಳಿಯುವುದು ಹೆಡ್‌ಮಾಸ್ತರಿಕೆಯ ಹಳೆಯ ಚಟ. ಎರಡು ಪುಟ ಬರೆದೂ ಆಗಿತ್ತು. ಅವನ್ನು ಹರಿದು ಹಾಕಿ ಇದನ್ನು ಬರೆಯುತ್ತಿದ್ದೇವೆ. ಪದಾಧಿಕಾರಿಗಳು ಮುನಿಯಬಾರದು, ಮುನಿದರೂ ಅಚ್ಚು ಹಾಕಿಸಬೇಕು.

ದೀಪಾವಳಿಯ ರಜೆಗೆ ಪುಣೆಯಿಂದ ಮೊಮ್ಮಗ ಬಂದಿದ್ದ. ಒಂಬತ್ತನೆಯ ಇಯತ್ತೆಯ ಹುಡುಗ. ಚೀಲದಲ್ಲಿ ಒಂದು ದಪ್ಪ ಪುಸ್ತಕ, ಬಣ್ಣಬಣ್ಣದ ದಾಳಗಳು. ನಾಲ್ಕು ಮುಖದ್ದು, ಎಂಟು ಮುಖದ್ದು, ಇಪ್ಪತ್ತು ಮುಖದ್ದೂ ಒಂದು. ಜೂಜೆಂದು ತಿಳಿದು ಗದರಿದೆವು. ಹುಡುಗ ಸಿಟ್ಟಾಗದೆ ನಮ್ಮನ್ನು ಎದುರಿಗೆ ಕೂಡಿಸಿಕೊಂಡು ಆಟವನ್ನು ವಿವರಿಸಿದ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಇದನ್ನು ಹೊರತಂದರು. ಇದಕ್ಕೆ ಮೊಬೈಲು ಬೇಡ, ಕರೆಂಟು ಬೇಡ. ನಾಲ್ಕೈದು ಜನ ಸುತ್ತ ಕೂಡಬೇಕು. ಒಬ್ಬನು ಕಥೆ ನಡೆಸುವವನು. ಊರು, ಅಡವಿ, ಹಾಳುಕೋಟೆ, ಅಲ್ಲಿ ಅವಿತವರು, ಎಲ್ಲವನ್ನೂ ಅವನು ಬಣ್ಣಿಸುತ್ತಾನೆ. ಉಳಿದವರು ತಲೆಗೊಂದು ಪಾತ್ರ ಹಿಡಿಯುತ್ತಾರೆ. 'ಈಗ ನೀನೇನು ಮಾಡುವೆ?' ಎಂದು ಕೇಳಿದಾಗ ಪಾತ್ರದ ಬಾಯಿಂದಲೇ ಉತ್ತರಿಸಬೇಕು. ಮಾಡಹೊರಟದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

ಕೇಳುತ್ತ ಕೇಳುತ್ತ ನಮ್ಮ ಕಣ್ಣ ಮುಂದೆ ಬಂದವನು ಶ್ರೀಕೃಷ್ಣ ಪಾರಿಜಾತದ ಭಾಗವತ. ಕುಲಗೋಡು ತಮ್ಮಣ್ಣನ ಆ ಆಟವನ್ನು ನಮ್ಮ ತಲೆಮಾರಿನವರು ಚಾಪೆ, ಕಂಬಳಿ ಹೊತ್ತುಕೊಂಡು ಹೋಗಿ ಬೆಳಗಿನವರೆಗೆ ನೋಡಿದ್ದೇವೆ. ಹಾಡು ಕಟ್ಟಿದ್ದು, ಆದರೆ ದೂತಿಗೂ ಭಾಗವತನಿಗೂ ನಡೆಯುವ ಮಾತಿನ ಜಟಾಪಟಿ ಆ ರಾತ್ರಿಯದು, ಆ ಊರಿನದು. ದ್ವಾರಕೆಯ ದೂತಿ ನಮ್ಮೂರ ಗೌಡರ ಜಿಪುಣತನವನ್ನು ಆಡಿಕೊಂಡರೆ ಗೌಡರೇ ಮೊದಲು ನಗುತ್ತಿದ್ದರು. ಪುರಾಣಕ್ಕೆ ಅಪಚಾರವಾಯಿತೆಂದು ಯಾರೂ ಎದ್ದು ಹೋಗಲಿಲ್ಲ. ಕೌಜಲಗಿ ನಿಂಗಮ್ಮನಂಥವರನ್ನು ಜನ ನೆನೆಯುವುದು ಬಾಯಿಪಾಠ ಒಪ್ಪಿಸಿದರೆಂದಲ್ಲ.

ಈಗ ಆ ಪುಸ್ತಕದ ವಿಷಯ. ಹುಡುಗರು ಕತ್ತಿ ಗುರಾಣಿಗಳ ಬಡಿದಾಟಕ್ಕೆ ಮರುಳಾಗಿದ್ದಾರೆಂದು ನಾವು ಭಾವಿಸಿದ್ದು ತಪ್ಪು. ಮೊಮ್ಮಗ ಮತ್ತೆ ಮತ್ತೆ ತೆರೆಯುತ್ತಿದ್ದುದು ಲೋಕದ ವಿವರಗಳಿರುವ ಪುಟಗಳನ್ನು. ಈ ಹಾಳುಗೋಪುರವನ್ನು ಕಟ್ಟಿಸಿದವರಾರು, ಆ ಎರಡು ಊರುಗಳಿಗೆ ಹಗೆ ಏಕೆ, ಈ ದೇವತೆಯ ಗುಡಿಗೆ ಬಾಗಿಲಿಲ್ಲವೇಕೆ, ಇಂಥವು. 2014ರಲ್ಲಿ ಬಂದ ಐದನೆಯ ಆವೃತ್ತಿಯನ್ನು ಪರಿಷ್ಕರಿಸಿ 2024ರಲ್ಲಿ ಹೊಸದಾಗಿ ಅಚ್ಚು ಹಾಕಿದ್ದಾರೆ. ಕಥೆ ನಡೆಸುವವನಿಗಾಗಿ ಇರುವ ಸಂಪುಟದಲ್ಲಿ ಗ್ರೇಹಾಕ್ ಎಂಬ ಅವರ ಹಳೆಯ ಕಲ್ಪಿತ ಲೋಕವನ್ನು ನಕ್ಷೆ ಸಮೇತ ಕೊಟ್ಟಿದ್ದಾರೆ. ರಾಜ್ಯಗಳನ್ನು ಹೆಸರಿಸಿ, ಅವುಗಳ ಜಗಳವನ್ನು ಹೊತ್ತಿಸಿ, ಮುಂದಿನದನ್ನು ಆಡುವವರಿಗೆ ಬಿಟ್ಟಿದ್ದಾರೆ. ಎಲ್ಲವನ್ನೂ ತುಂಬಿಟ್ಟ ಕಣಜದಲ್ಲಿ ಮಕ್ಕಳಿಗೆ ಕೆಲಸವಿಲ್ಲ. ಅರ್ಧ ತುಂಬಿದ ಕಣಜ ಕಂಡರೆ ಬೊಗಸೆ ತಾನಾಗಿಯೇ ಮುಂದೆ ಬರುತ್ತದೆ.

ಹೊಗಳಿಕೆಯಷ್ಟೇ ನಮ್ಮ ಉದ್ದೇಶವಲ್ಲ. ಆ ಆಟದ ಭೂತಪ್ರಾಣಿಗಳ ಪುಸ್ತಕದಲ್ಲಿ ನಮ್ಮ ರಾಕ್ಷಸನೂ ಇದ್ದಾನೆ. 1977ರ ಪುಸ್ತಕದಿಂದಲೂ ಇದ್ದಾನಂತೆ. ಹೇಗಿದ್ದಾನೆ? ಹುಲಿಯ ತಲೆ, ಮೈಮೇಲೆ ದೊರೆಮಕ್ಕಳ ಉಡುಪು, ಅಂಗೈ ಹಿಂದುಮುಂದಾಗಿ ತಿರುಗಿದೆ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ವೇದ ಬಲ್ಲ ರಾವಣ, ದಾನಕ್ಕೆ ಕೈಯೊಡ್ಡಿದವನಿಗೆ ಲೋಕವನ್ನೇ ಇತ್ತ ಬಲಿ, ಶಿವನನ್ನೇ ಬಾಗಿಲು ಕಾಯಲು ನಿಲ್ಲಿಸಿಕೊಂಡ ಬಾಣ, ಇವರ ಹೆಸರಿನ ಸಿಪ್ಪೆ ಮಾತ್ರ ಹಡಗು ಹತ್ತಿ ಹೋಗಿದೆ. ಆದರೆ ನಗೆ ನಿಂತ ಮೇಲೆ ನೋಡಿದರೆ ಮೊಮ್ಮಗ ನಗುತ್ತಿರಲಿಲ್ಲ. ಅವನಿಗೆ ಗೊತ್ತಿದ್ದ ರಾಕ್ಷಸ ಆ ಹುಲಿಮೋರೆಯವನೊಬ್ಬನೇ. ಬಾಣಾಸುರನ ಹೆಸರನ್ನು ಅವನು ಕೇಳಿರಲೇ ಇಲ್ಲ. ಇದು ಅಮೆರಿಕದವರ ತಪ್ಪೇ? ಅವನ ಅಜ್ಜ ಹೆಡ್‌ಮಾಸ್ತರ!

ಮರುದಿನ ಅವನನ್ನು ಖಿದ್ರಾಪುರಕ್ಕೆ ಕರೆದೊಯ್ದೆವು. ನಮ್ಮ ಶಿರೋಳ ತಾಲೂಕಿನದೇ ಊರು, ಕೃಷ್ಣೆಯ ದಂಡೆಯ ಮೇಲಿನದು. ಕೋಪೇಶ್ವರನ ಗುಡಿಯನ್ನು ನಮ್ಮಲ್ಲಿ ಕಾಣದವರಿಲ್ಲ, ನೋಡಿದವರು ಕಡಿಮೆ. ಕೊಲ್ಲಾಪುರದ ಶಿಲಾಹಾರರು ಹನ್ನೆರಡನೆಯ ಶತಮಾನದಲ್ಲಿ ಎತ್ತಿಸಿದ ಕೆಲಸ. ಮುಂದಿನ ಸ್ವರ್ಗಮಂಟಪದಲ್ಲಿ 48 ಕಂಬಗಳು. ನಡುಮಾಡು ದುಂಡಗೆ ತೆರೆದಿದೆ, ಕೆಳಗೆ ಅಷ್ಟೇ ದುಂಡನೆಯ ಕಲ್ಲುಹಾಸು. ಹುಡುಗ ಆ ಹಾಸಿನ ಮೇಲೆ ನಿಂತು ಆಕಾಶ ನೋಡಿದ, ಹೊರಗೆ ಬಂದು ಬುಡದ ಆನೆಗಳ ಸಾಲನ್ನು ಕೈಯಿಂದ ಮುಟ್ಟುತ್ತ ನಡೆದ, ಒಳಗೆ ಹೋಗಿ ಹೊರಗೆ ಬಂದು ಕೇಳಿದ: "ಅಜ್ಜಾ, ನಂದಿ ಎಲ್ಲೈತಿ?"

ಬೇರೆ ಶಿವಾಲಯಗಳಲ್ಲಿ ಕೇಳಬೇಕಾಗದ ಪ್ರಶ್ನೆ. ನಾವು ನಮ್ಮ ಅಜ್ಜಿಯಿಂದ ಕೇಳಿದ್ದನ್ನೇ ಹೇಳಿದೆವು. ದಕ್ಷನ ಯಜ್ಞಕ್ಕೆ ಸತೀದೇವಿ ಕರೆಯದೆ ಹೊರಟಳು. ನಂದಿಯನ್ನೇರಿ ಹೋದಳು. ಅಲ್ಲಿ ಅವಮಾನಕ್ಕೆ ಬೆಂದು ಪ್ರಾಣ ಬಿಟ್ಟಳು. ಶಿವ ಕೋಪಗೊಂಡು ಇಲ್ಲಿ ಕೂತ, ಕೋಪೇಶ್ವರನಾದ. ಸಮಾಧಾನಪಡಿಸಲು ವಿಷ್ಣು ಬಂದು ಪಕ್ಕದಲ್ಲೇ ಲಿಂಗವಾಗಿ ನಿಂತ, ಧೋಪೇಶ್ವರನಾದ. ನಂದಿ ಮಾತ್ರ ಹೋದದ್ದು ಹೋಯಿತು. ಅದು ಗಡಿಯಾಚೆ ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿದೆ. ಯಜ್ಞ ಕೆಡಿಸಿದ ವೀರಭದ್ರನೂ ಅಲ್ಲೇ ಇದ್ದಾನೆ.

"ಮತ್ತ ನಂದಿ ಹೊಳ್ಳಿ ಯಾಕ ಬರಲಿಲ್ಲ? ಬಂದ್ರ ಏನಾಗತಿತ್ತು?"

ಎಪ್ಪತ್ತು ದಾಟಿದ ನಮಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಹಾಗೆಲ್ಲ ಕೇಳಬಾರದು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆವು. ಒಂದು ಕಥೆ, ಎರಡು ಗುಡಿ. 1956ರ ಗೆರೆ ಅವುಗಳ ನಡುವೆ ಹಾದು ಎರಡು ರಾಜ್ಯ ಮಾಡಿದೆ. ಬೀಗ ಇಲ್ಲಿ, ಕೀಲಿಕೈ ಅಲ್ಲಿ. ಇದಕ್ಕಿಂತ ಹೆಚ್ಚಿನ ಕಥಾಲೋಕವನ್ನು ಯಾವ ಆವೃತ್ತಿಯಲ್ಲಿ ಅಚ್ಚು ಹಾಕಿದ್ದಾರೆ?

ಇನ್ನೂ ಇದೆ. ಸುಮಾರು 1054ರಲ್ಲಿ ಕೊಪ್ಪದ ಕಾಳಗದಲ್ಲಿ ಚೋಳ ರಾಜಾಧಿರಾಜ ಆನೆಯ ಮೇಲೆಯೇ ಮಡಿದ. ಗೆದ್ದವನಾಗಬೇಕಿದ್ದ ನಮ್ಮ ಚಾಲುಕ್ಯ ಆಹವಮಲ್ಲ ಸೋಮೇಶ್ವರ ಗೆಲ್ಲಲಿಲ್ಲ. ಸತ್ತವನ ತಮ್ಮ ಅಲ್ಲೇ ರಣರಂಗದಲ್ಲಿ ಕಿರೀಟ ಧರಿಸಿ ಯುದ್ಧವನ್ನು ತಿರುಗಿಸಿದ. ಆ ಕೊಪ್ಪ ಈ ಖಿದ್ರಾಪುರವೇ ಎಂದು ಕೆಲವು ವಿದ್ವಾಂಸರು, ಕೊಪ್ಪಳದ ಸೀಮೆಯದೆಂದು ಬೇರೆ ಕೆಲವರು. ಇದನ್ನು ಹೇಳಿದ್ದೇ ತಡ, ಹುಡುಗ ಓಡಿಹೋಗಿ ಬುಡದ ಆನೆಗಳನ್ನು ಮತ್ತೊಮ್ಮೆ ನೋಡಿ ಬಂದ. ಇವುಗಳಲ್ಲಿ ಆ ದೊರೆಯ ಆನೆ ಯಾವುದು ಎಂದು ಅವನಿಗೆ ತಿಳಿಯಬೇಕಾಗಿತ್ತು.

ಗೋಡೆಯ ಬರಹಗಳನ್ನೂ ತೋರಿಸಿದೆವು. ಯಾದವ ಸಿಂಘಣನ ಕಾಲದ ಸಂಸ್ಕೃತ ಶಾಸನ ದೇವನಾಗರಿಯಲ್ಲಿದೆ. ಅದರ ಒಂದೊಂದೇ ಅಕ್ಷರವನ್ನು ಹುಡುಗ ಕೂಡಿಸಿ ಓದಿದ. ಉಳಿದವು ಹೆಚ್ಚಾಗಿ ಕನ್ನಡದವು. ಅವುಗಳ ಮುಂದೆ ಅವನು ಸುಮ್ಮನಾದ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದಲು ಬಾರದು. ಹಳಗನ್ನಡದ ಆ ಸಾಲುಗಳ ಮುಂದೆ ನಾವೂ ತಡವರಿಸಿದೆವೆಂಬುದನ್ನು ಮುಚ್ಚಿಡುವುದಿಲ್ಲ. "ಇದರಾಗ ನಂದಿ ಸುದ್ದಿ ಇರಬಹುದಲ್ಲ, ಅಜ್ಜಾ?" ಎಂದು ಕೇಳಿದ. ಆ ರಾತ್ರಿ ತಾನಾಗಿಯೇ ಪಾಟಿ ಕೇಳಿ ಅ ಆ ಇ ಈ ತಿದ್ದಿದ. ಮೂರು ವರ್ಷ ನಾವು ಹೇಳಿದಾಗಲೆಲ್ಲ ಆಕಳಿಸಿದ್ದ ಹುಡುಗ.

ಸಂಘದ ಸಭೆಗಳಲ್ಲಿ ನಾವೇನು ಮಾಡುತ್ತಿದ್ದೇವೆ? ಗಡಿನಾಡಿನಲ್ಲಿ ಕನ್ನಡ ಉಳಿಯಬೇಕೆಂದು ಭಾಷಣ ಮಾಡುತ್ತೇವೆ. ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂಡಿಸಿ, ಕೈಕಟ್ಟಿಸಿ, ಶಾಲು ಹೊದಿಸುವುದನ್ನು ನೋಡಲು ಹಚ್ಚುತ್ತೇವೆ. ರಾಜಮನೆತನಗಳ ಹೆಸರು ಒಪ್ಪಿಸಿದವರಿಗೆ ಸ್ಟೀಲಿನ ಡಬ್ಬಿ ಬಹುಮಾನ. ನಾವೇ ಎಷ್ಟು ಡಬ್ಬಿ ಹಂಚಿದ್ದೇವೋ! ಹಿರಿಯರ ಲೋಕವನ್ನು ಮಕ್ಕಳಿಗೆ ಗಾಜಿನ ಕಪಾಟಿನಲ್ಲಿಟ್ಟು ತೋರಿಸಿ, ಮುಟ್ಟಬೇಡ ಎಂದು ಹೇಳಿ, ಆಮೇಲೆ ಅವರು ಪರದೇಶದ ಲೋಕಕ್ಕೆ ಹೋದರೆಂದು ಅಳುತ್ತೇವೆ.

ಪುರಾಣವನ್ನು ಆಟ ಮಾಡುವುದು ಅಪಚಾರವೆನ್ನುವವರಿಗೆ ಒಂದು ಮಾತು. ಅಂಬೋಲಿ ಘಾಟ ಇಳಿದರೆ ಸಿಗುವ ಸಾವಂತವಾಡಿಯಲ್ಲಿ ಇಂದಿಗೂ ದಶಾವತಾರದ ಗಂಜೀಫಾ ಎಲೆ ಬರೆಯುತ್ತಾರೆ. ಹತ್ತು ಅವತಾರ, ಅವತಾರಕ್ಕೆ ಹನ್ನೆರಡು ಎಲೆ, ಒಟ್ಟು 120. ಹಗಲಿನಲ್ಲಿ ಆಡಿದರೆ ರಾಮನ ಎಲೆ ಹಿಡಿದವನು ಮೊದಲು ಇಳಿಯಬೇಕು, ರಾತ್ರಿಯಾದರೆ ಕೃಷ್ಣನ ಎಲೆಯವನು. ಇಬ್ಬರು ದೇವರ ಜನ್ಮವೇಳೆಯನ್ನೇ ಆಟದ ನಿಯಮ ಮಾಡಿದ ಜಾಣರು ನಮ್ಮವರೇ ಅಲ್ಲವೆ? ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ತಾವೇ ಕೂತು ಹೊಸ ಹೊಸ ಎಲೆಯಾಟ, ಮಣೆಯಾಟಗಳನ್ನು ಹೂಡಿದರು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಆಟಗಳಿಗೆ ಎಡೆಕೊಟ್ಟಿದೆ. ದೊರೆಗೆ ಸಲ್ಲುವ ಕೆಲಸ ಸಂಘಕ್ಕೆ ಸಲ್ಲದೆ? ಇನ್ನು ನಂದಿಯಿಲ್ಲದ ಗುಡಿ ಮೊದಲೋ, ನಂದಿ ಹೋದ ಕಥೆ ಮೊದಲೋ ನಾವು ಕಾಣೆವು. ಯಾವುದು ಮೊದಲಾದರೂ, ಆ ಬರಿದಾದ ಜಾಗವನ್ನು ನೋಡಿ 'ಏಕೆ?' ಎಂದು ಕೇಳಿದವನೊಬ್ಬ ಇದ್ದೇ ಇದ್ದ. ಅವನನ್ನೂ ಯಾರಾದರೂ ಮಾಸ್ತರ ಗದರಿಸಿದ್ದರೆ ನಮ್ಮ ಅಜ್ಜಿಗೆ ಹೇಳಲು ಕಥೆಯೇ ಇರುತ್ತಿರಲಿಲ್ಲ.

ರಜೆ ಮುಗಿಯುವ ಮುನ್ನ ಓಣಿಯ ನಾಲ್ಕು ಹುಡುಗರನ್ನು ಕೂಡಿಸಿ ಆಡಿದೆವು. ಕಥೆ ನಡೆಸುವವರು ನಾವು. ಒಬ್ಬಳು ಶಿಲ್ಪಿಯ ಮಗಳು, ಒಬ್ಬ ಅಂಬಿಗ, ಒಬ್ಬ ಆದಿನಾಥ ಬಸದಿಯ ವ್ಯಾಪಾರಿ, ನಮ್ಮವನು ಚೋಳರ ಸೇನೆಯಿಂದ ತಪ್ಪಿಸಿಕೊಂಡ ಮಾವುತ. ಯಡೂರಿನಿಂದ ನಂದಿಯನ್ನು ಕರೆತರಬೇಕು. ಮೂರು ಸಂಜೆ ಆಡಿದರೂ ಅವರು ದೂಧಗಂಗೆಯನ್ನು ದಾಟಿಲ್ಲ. ಅಂಬಿಗನ ದಾಳ ಕೆಟ್ಟಿದೆ.

ಆದ್ದರಿಂದ ಪದಾಧಿಕಾರಿಗಳಲ್ಲಿ ನಮ್ಮ ಬೇಡಿಕೆ ಇಷ್ಟೇ. ಬರುವ ಸಮ್ಮೇಳನದಲ್ಲಿ ಮಧ್ಯಾಹ್ನದ ಗೋಷ್ಠಿಯೊಂದನ್ನು ಕೈಬಿಟ್ಟು, ಸಭಾಗೃಹದ ಮೂಲೆಯಲ್ಲಿ ಒಂದು ಜಮಖಾನೆ ಹಾಸಿಕೊಡಿ. ಎರಡು ತಾಸು ಸಾಕು. ದಾಳಗಳನ್ನು ಮೊಮ್ಮಗ ತರುತ್ತಾನೆ. ಕರೆಯದೆ ಬಂದವರನ್ನು ಅವಮಾನಿಸಿ ಕಳಿಸುವ ದಕ್ಷನ ಪಾತ್ರಕ್ಕೆ ಮಾತ್ರ ಇನ್ನೂ ಯಾರೂ ಸಿಕ್ಕಿಲ್ಲ. ಈ ಆಟ ಕೂಡದೆನ್ನುವ ಹಿರಿಯರು ಯಾರಾದರೂ ಒಪ್ಪಿದರೆ ನಮಗೆ ತಿಳಿಸಬೇಕು.